ಓಪನ್‌ಬಿಎಸ್‌ಡಿಗೆ ಒಂದು ಭಾಷೆಯ ಟೂಲ್‌ಚೈನ್ ಪೋರ್ಟ್ ಮಾಡುವುದು: ಎಲ್ಲಿಂದ ಆರಂಭಿಸಬೇಕು?

ಶರಾವತಿ_ತೀರ (ಪ್ರಶ್ನೆ):

ನಾವು ಕೆಲವರು ಬಿಡುವಿನ ವೇಳೆಯಲ್ಲಿ ಬೆಳೆಸುತ್ತಿರುವ ಸಣ್ಣ ಪ್ರೋಗ್ರಾಮಿಂಗ್ ಭಾಷೆಯೊಂದರ ಟೂಲ್‌ಚೈನನ್ನು (ಕಂಪೈಲರ್ ಮತ್ತು ಅದರ ಸಂಗಡದ ಸಾಧನಗಳನ್ನು) ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂಗೆ ಪೋರ್ಟ್ ಮಾಡಲು, ಎಂದರೆ ಅಲ್ಲಿಯೂ ನಡೆಯುವಂತೆ ಹೊಂದಿಸಲು ಹೊರಟಿದ್ದೇವೆ. ಲಿನಕ್ಸ್‌ನಲ್ಲಿ ಅದು ಮೊದಲಿನಿಂದಲೂ ನಡೆಯುತ್ತಿದೆ. ಫ್ರೀಬಿಎಸ್‌ಡಿಗೆ ಒಯ್ಯುವಾಗಲೂ ಹೇಳಿಕೊಳ್ಳುವಂಥ ತೊಂದರೆಯಾಗಲಿಲ್ಲ. ಎರಡೂ ಬಿಎಸ್‌ಡಿಗಳು ಒಂದೇ ವಂಶದವಲ್ಲವೇ ಎಂಬ ಧೈರ್ಯದಿಂದ ಇದಕ್ಕೂ ಕೈ ಹಾಕಿದೆವು.

ಕಂಪೈಲರ್ ಆ ಭಾಷೆಯಲ್ಲಿಯೇ ಬರೆದದ್ದು. ಯಂತ್ರಸಂಕೇತವನ್ನು ಎಲ್‌ಎಲ್‌ವಿಎಂ ಎಂಬ ಸಿದ್ಧ ಲೈಬ್ರರಿಯ ಮೂಲಕ ಹೊರಡಿಸುತ್ತದೆ. ರನ್‌ಟೈಮ್ ಸಿ ಭಾಷೆಯಲ್ಲಿದೆ. ಕೊರೂಟೀನ್‌ಗಳ (ಅರ್ಧದಲ್ಲಿ ನಿಂತು ಮತ್ತೆ ಅಲ್ಲಿಂದಲೇ ಮುಂದುವರಿಯಬಲ್ಲ, ತಮ್ಮದೇ ಸ್ಟ್ಯಾಕ್ ಇರುವ ಫಂಕ್ಷನ್‌ಗಳ) ನಡುವೆ ಅದಲುಬದಲು ಮಾಡುವ ಭಾಗ ಮಾತ್ರ ಕೈಯಿಂದ ಬರೆದ ಅಸೆಂಬ್ಲಿ. ಇದರ ಜೊತೆಗೆ ಬರೆದ ಸಾಲನ್ನು ಒಡನೆಯೇ ನಡೆಸಿ ತೋರಿಸುವ ಸಂವಾದಾತ್ಮಕ ಶೆಲ್ ಒಂದಿದ್ದು, ಅದು ಜಿಟ್ ತಂತ್ರವನ್ನು (ನಡೆಸುವ ಹೊತ್ತಿನಲ್ಲಿಯೇ ಯಂತ್ರಸಂಕೇತ ಹೊರಡಿಸುವುದನ್ನು) ನೆಚ್ಚಿಕೊಂಡಿದೆ.

ಓಪನ್‌ಬಿಎಸ್‌ಡಿ 7.6ರ ಹೆಡರ್ ಮತ್ತು ಲೈಬ್ರರಿಗಳನ್ನು ಲಿನಕ್ಸ್ ಯಂತ್ರಕ್ಕೆ ತಂದಿಟ್ಟುಕೊಂಡು ಕ್ರಾಸ್ ಕಂಪೈಲ್ ಮಾಡಿದ ಸರಳ ಕಾರ್ಯಕ್ರಮಗಳು ಅಲ್ಲಿ ಸರಿಯಾಗಿಯೇ ನಡೆಯುತ್ತವೆ. ಕೊರೂಟೀನ್ ಬಳಸುವ ಕಾರ್ಯಕ್ರಮ ಮಾತ್ರ ಅದರೊಳಗಿನ ಮೊದಲ ಮುದ್ರಣದ ಸಾಲಿಗೆ ಬಂದೊಡನೆ ಸೆಗ್ಮೆಂಟೇಶನ್ ಫಾಲ್ಟ್ ಎಂದು ಸಾಯುತ್ತದೆ. ವಿಚಿತ್ರವೆಂದರೆ ಅದಕ್ಕೆ ಮುಂಚಿನ ಲೆಕ್ಕಾಚಾರವೆಲ್ಲ ಸರಿಯಾಗಿಯೇ ನಡೆದಿರುತ್ತದೆ, ಡಿಬಗರ್‌ನಲ್ಲಿ ನೋಡಿದರೆ ಸ್ಟ್ಯಾಕ್‌ನ ಸ್ಮೃತಿಯನ್ನು ಓದಲೂ ಬರೆಯಲೂ ಅಡ್ಡಿಯಿಲ್ಲ. ಬೀಗಗಳಿಗಾಗಿ (ಲಾಕ್) ಕಾಯುವ ಕಡೆ ನಮ್ಮ ರನ್‌ಟೈಮ್ ಇನ್‌ಲೈನ್ ಅಸೆಂಬ್ಲಿಯಲ್ಲಿ ನೇರವಾಗಿ ಸಿಸ್ಟಂ ಕಾಲ್ (ಕರ್ನಲ್‌ಗೆ ಕರೆ) ಮಾಡುತ್ತದೆ; ಅಲ್ಲಿಯೂ ಕಾರ್ಯಕ್ರಮ ಕೊನೆಗೊಳ್ಳುತ್ತದೆ. ಜಿಟ್‌ಗೆ ಸ್ಮೃತಿ ಕೇಳಿದರೆ, ಅದನ್ನು ಒದಗಿಸಬೇಕಾದ ಎಂಮ್ಯಾಪ್ ಕರೆಯು 'ಬೆಂಬಲವಿಲ್ಲ' ಎಂಬ ದೋಷಸಂಖ್ಯೆಯನ್ನು ಹಿಂದಿರುಗಿಸುತ್ತದೆ. ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ನಡೆಯುವ ಕೆಲವು ಕಾರ್ಯಕ್ರಮಗಳು ಗೆಳೆಯರೊಬ್ಬರ ಹೊಸ ಯಂತ್ರದಲ್ಲಿ 'ಇಲ್ಲೀಗಲ್ ಇನ್‌ಸ್ಟ್ರಕ್ಷನ್' ಎಂದು ನಿಲ್ಲುತ್ತವೆ. ಕಡೆಯದಾಗಿ, ನಮ್ಮ ಕಂಪೈಲರ್ ತನ್ನ ಸ್ಟ್ಯಾಂಡರ್ಡ್ ಲೈಬ್ರರಿ ಎಲ್ಲಿದೆ ಎಂದು ತಿಳಿಯಲು ಪ್ರೋಕ್ ಕಡತವ್ಯವಸ್ಥೆಯಲ್ಲಿ ತನ್ನದೇ ಕಡತದ ಕೊಂಡಿಯನ್ನು ಓದುತ್ತದೆ. ಇಲ್ಲಿ ಆ ಕಡತವ್ಯವಸ್ಥೆಯೇ ಇಲ್ಲ.

ಇವುಗಳಲ್ಲಿ ಯಾವುದು ನಮ್ಮ ದೋಷ, ಯಾವುದು ಆ ವ್ಯವಸ್ಥೆಯ ಕಟ್ಟುಪಾಡು ಎಂದು ಬಲ್ಲವರು ಬಿಡಿಸಿ ಹೇಳಬೇಕೆಂದು ಕೋರುತ್ತೇನೆ. ಎಲ್ಲ ರಕ್ಷಣೆಗಳನ್ನೂ ಆರಿಸಿ ಹೇಗೋ ನಡೆಸಿಬಿಡುವ ದಾರಿ ನಮಗೆ ಬೇಡ, ಏಕೆಂದರೆ ಮುಂದೆ ಇದನ್ನು ಓಪನ್‌ಬಿಎಸ್‌ಡಿಯ ಪೋರ್ಟ್ಸ್ ಸಂಗ್ರಹಕ್ಕೆ (ಹೊರಗಿನ ತಂತ್ರಾಂಶಗಳ ಅಧಿಕೃತ ಸಂಗ್ರಹ) ಸಲ್ಲಿಸುವ ಉದ್ದೇಶವಿದೆ.

ಹಳೇ_ಕನ್ಸೋಲ್:

ನೀವು ಬರೆದಿರುವ ಲಕ್ಷಣಗಳಲ್ಲಿ ಒಂದೂ ಕಂಪೈಲರ್‌ನ ದೋಷವಲ್ಲ. ಎಲ್‌ಎಲ್‌ವಿಎಂ ಬಳಸುವವರಿಗೆ ಹೊಸ ಆಪರೇಟಿಂಗ್ ಸಿಸ್ಟಂಗೆ ಹೋಗುವಾಗ ಸಂಕೇತ ಹೊರಡಿಸುವ ಭಾಗದಲ್ಲಿ ಹೆಚ್ಚಿನ ಕೆಲಸವಿರುವುದಿಲ್ಲ. ಕರ್ನಲ್ ಜೊತೆ ರನ್‌ಟೈಮ್ ಹೇಗೆ ವ್ಯವಹರಿಸುತ್ತದೆ ಎಂಬಲ್ಲಿಯೇ ಕೆಲಸವೆಲ್ಲ ಇರುತ್ತದೆ. ಲಿನಕ್ಸ್‌ನಲ್ಲಿ ಸಿಸ್ಟಂ ಕಾಲ್‌ಗಳ ಸಂಖ್ಯೆ ಮತ್ತು ಅವುಗಳ ಅರ್ಥ ಬದಲಾಗುವುದಿಲ್ಲ ಎಂಬ ಭರವಸೆ ಕರ್ನಲ್‌ನಿಂದಲೇ ಸಿಗುತ್ತದೆ. ಓಪನ್‌ಬಿಎಸ್‌ಡಿಯಲ್ಲಿ ಅಂಥ ಭರವಸೆಯನ್ನು ಯಾರೂ ಕೊಟ್ಟಿಲ್ಲ. ಅಲ್ಲಿ ಕರ್ನಲ್ ಮತ್ತು ಸಿ ಲೈಬ್ರರಿ ಒಂದೇ ಮೂಲಸಂಗ್ರಹದಲ್ಲಿ ಒಟ್ಟಿಗೆ ಬೆಳೆದು ಆರು ತಿಂಗಳಿಗೊಮ್ಮೆ ಒಟ್ಟಿಗೆ ಬಿಡುಗಡೆಯಾಗುತ್ತವೆ. ಹೊರಗಿನವರಿಗೆ ಇರುವ ಊರಬಾಗಿಲು ಸಿ ಲೈಬ್ರರಿ ಒಂದೇ. 2014ರಲ್ಲಿ ಬಂದ 5.5ನೆಯ ಆವೃತ್ತಿಯಲ್ಲಿ 32 ಬಿಟ್ ಯಂತ್ರಗಳೂ ಸೇರಿದಂತೆ ಎಲ್ಲ ಕಡೆ ಕಾಲವನ್ನು ಹೇಳುವ ಟೈಮ್_ಟಿಯನ್ನು ಒಮ್ಮೆಗೇ 64 ಬಿಟ್‌ಗೆ ಏರಿಸಲು ಅವರಿಗೆ ಸಾಧ್ಯವಾದದ್ದು ಈ ಸ್ವಾತಂತ್ರ್ಯವನ್ನು ಕಾಪಾಡಿಕೊಂಡದ್ದರಿಂದಲೇ.

ಮೊದಲು ಸಿಸ್ಟಂ ಕಾಲ್ ವಿಷಯವನ್ನು ತೆಗೆದುಕೊಳ್ಳೋಣ. 2020ರ 6.7ನೆಯ ಆವೃತ್ತಿಯಿಂದ, ಡೈನಮಿಕ್ ಲಿಂಕ್ ಆದ ಕಾರ್ಯಕ್ರಮಗಳಲ್ಲಿ ಸಿಸ್ಟಂ ಕಾಲ್ ಸೂಚನೆಯು ಗೊತ್ತುಪಡಿಸಿದ ಪ್ರದೇಶಗಳಿಂದ, ಎಂದರೆ ಮುಖ್ಯವಾಗಿ ಸಿ ಲೈಬ್ರರಿಯಿಂದ ಬರಬೇಕೆಂಬ ತಪಾಸಣೆ ಆರಂಭವಾಯಿತು. 2024ರ 7.5ನೆಯ ಆವೃತ್ತಿಯಲ್ಲಿ ಅದು ಇನ್ನಷ್ಟು ಬಿಗಿಯಾಯಿತು: ಯಾವ ಸಂಖ್ಯೆಯ ಕರೆಯು ಲೈಬ್ರರಿಯೊಳಗಿನ ಯಾವ ವಿಳಾಸದಿಂದ ಬರಬೇಕು ಎಂಬ ಪಟ್ಟಿಯನ್ನು ಕರ್ನಲ್ ಮೊದಲೇ ಪಡೆದಿಟ್ಟುಕೊಂಡಿರುತ್ತದೆ, ಬೇರೆಡೆಯಿಂದ ಬಂದರೆ ಕಾರ್ಯಕ್ರಮವನ್ನೇ ಮುಗಿಸುತ್ತದೆ. ಸಂಖ್ಯೆ ಕೊಟ್ಟು ಯಾವ ಕರೆಯನ್ನಾದರೂ ಮಾಡಬಹುದಾಗಿದ್ದ ಸಿಸ್ಕಾಲ್ ಎಂಬ ಹಳೆಯ ಫಂಕ್ಷನ್ ಕೂಡ ಆ ಆವೃತ್ತಿಯಲ್ಲಿ ಹೋಯಿತು. ದಾಳಿಕೋರನು ಹೇಗೋ ತನ್ನ ಸಂಕೇತವನ್ನು ಒಳನುಗ್ಗಿಸಿದರೂ ಅಲ್ಲಿಂದ ಕರ್ನಲನ್ನು ತಟ್ಟಲಾಗಬಾರದು ಎಂಬುದು ಇದರ ಹಿಂದಿನ ಉದ್ದೇಶ. ನಿಮ್ಮ ಇನ್‌ಲೈನ್ ಅಸೆಂಬ್ಲಿ ಕರ್ನಲ್ ಕಣ್ಣಿಗೆ ಅಂಥ ಒಳನುಗ್ಗಿದ ಸಂಕೇತದಂತೆಯೇ ಕಾಣುತ್ತದೆ.

ಈ ದಾರಿಯಲ್ಲಿ ನಿಮಗಿಂತ ಮುಂಚೆ ನಡೆದವರಿದ್ದಾರೆ. ಗೋ ಭಾಷೆ ಹಲವು ವ್ಯವಸ್ಥೆಗಳಲ್ಲಿ ಸಿ ಲೈಬ್ರರಿಯನ್ನು ಬದಿಗಿಟ್ಟು ತಾನೇ ಸಿಸ್ಟಂ ಕಾಲ್ ಮಾಡುವುದಕ್ಕೆ ಹೆಸರಾದದ್ದು. ಅದೂ ಕೂಡ 2021ರ ಗೋ 1.16ರಲ್ಲಿ ಓಪನ್‌ಬಿಎಸ್‌ಡಿಯ ಎಎಂಡಿ64 ಮತ್ತು ಎಆರ್‌ಎಂ64 (ಎರಡು ಬಗೆಯ 64 ಬಿಟ್ ಪ್ರೊಸೆಸರ್‌ಗಳ) ಪೋರ್ಟ್‌ಗಳ ಮಟ್ಟಿಗೆ ಪಟ್ಟು ಸಡಿಲಿಸಿ ಸಿ ಲೈಬ್ರರಿಯ ಮೂಲಕವೇ ಕರೆ ಮಾಡಲಾರಂಭಿಸಿತು. ಅಷ್ಟು ದೊಡ್ಡ ಯೋಜನೆಯೇ ಬಗ್ಗಿದ ಮೇಲೆ ನಾವು ಹಠ ಹಿಡಿಯುವುದರಲ್ಲಿ ಅರ್ಥವಿಲ್ಲ. ನಿಮ್ಮ ಬೀಗಗಳಿಗೆ ಬೇಕಾದ ಫ್ಯೂಟೆಕ್ಸ್ (ಬೀಗ ಬಿಡುವವರೆಗೆ ಕಾಯಿಸುವ ಕರೆ) ಇಲ್ಲಿ ಸಿ ಲೈಬ್ರರಿಯಲ್ಲಿಯೇ ಸಾಮಾನ್ಯ ಫಂಕ್ಷನ್ ಆಗಿ ಸಿಗುತ್ತದೆ. ಲಿನಕ್ಸ್‌ನ ಸಿ ಲೈಬ್ರರಿಯಾದ ಗ್ಲಿಬ್‌ಸಿಯಲ್ಲಿ ಅದು ಹಾಗೆ ಸಿಗದಿರುವುದರಿಂದಲೇ ಬಹುಶಃ ನೀವು ಅಸೆಂಬ್ಲಿಯ ಮೊರೆ ಹೋಗಿದ್ದೀರಿ.

ಇನ್ನು ಕೊರೂಟೀನ್. ನಿಮ್ಮ ಸ್ಟ್ಯಾಕ್‌ಗಳನ್ನು ಮ್ಯಾಲಕ್‌ನಿಂದಲೋ ಸಾಮಾನ್ಯ ಎಂಮ್ಯಾಪ್‌ನಿಂದಲೋ ಪಡೆಯುತ್ತಿದ್ದೀರಿ ಎಂದು ನನ್ನ ಊಹೆ. 2018ರ 6.4ನೆಯ ಆವೃತ್ತಿಯಿಂದ ಓಪನ್‌ಬಿಎಸ್‌ಡಿಯ ಕರ್ನಲ್ ಪ್ರತಿ ಸಿಸ್ಟಂ ಕಾಲ್ ಮತ್ತು ಪೇಜ್ ಫಾಲ್ಟ್ ಸಮಯದಲ್ಲಿ ಸ್ಟ್ಯಾಕ್ ಪಾಯಿಂಟರ್ ಎಲ್ಲಿದೆ ಎಂದು ನೋಡುತ್ತದೆ. ಅದು ಮ್ಯಾಪ್_ಸ್ಟ್ಯಾಕ್ ಎಂಬ ಗುರುತು ಹೊತ್ತ ಪ್ರದೇಶದಲ್ಲಿ ಇಲ್ಲದಿದ್ದರೆ ಸೆಗ್ಮೆಂಟೇಶನ್ ಫಾಲ್ಟ್ ಕಳುಹಿಸುತ್ತದೆ. ಲೆಕ್ಕಾಚಾರವೆಲ್ಲ ನಡೆದು ಮುದ್ರಣದಲ್ಲಿ ಸಾಯುವುದು ಏಕೆಂದು ಈಗ ತಿಳಿಯಿತಲ್ಲ. ಮುದ್ರಣವೇ ಆ ಸ್ಟ್ಯಾಕ್ ಮೇಲಿನಿಂದ ನೀವು ಮಾಡುವ ಮೊದಲ ಸಿಸ್ಟಂ ಕಾಲ್. ಸ್ಮೃತಿಯ ಓದು-ಬರಹದ ಅನುಮತಿಗೂ ಇದಕ್ಕೂ ಸಂಬಂಧವಿಲ್ಲದಿರುವುದರಿಂದ ಡಿಬಗರ್‌ನಲ್ಲಿ ಎಲ್ಲವೂ ನೆಟ್ಟಗೆ ಕಾಣುತ್ತದೆ.

ಪರಿಹಾರ ಸರಳ: ಸ್ಟ್ಯಾಕ್‌ಗಾಗಿ ಮಾಡುವ ಎಂಮ್ಯಾಪ್ ಕರೆಗೆ ಮ್ಯಾಪ್_ಪ್ರೈವೇಟ್, ಮ್ಯಾಪ್_ಅನಾನ್ ಜೊತೆ ಮ್ಯಾಪ್_ಸ್ಟ್ಯಾಕನ್ನೂ ಸೇರಿಸಿ. ಲಿನಕ್ಸ್‌ನಲ್ಲಿ ಆ ಗುರುತಿನಿಂದ ಇಂಥ ತಪಾಸಣೆಯೇನೂ ನಡೆಯುವುದಿಲ್ಲ, ಆದ್ದರಿಂದ ಅಲ್ಲಿ ಹಾಗೆಯೇ ಬಿಡಬಹುದು. ಆದರೆ ಫ್ರೀಬಿಎಸ್‌ಡಿಯಲ್ಲಿ ಅದೇ ಹೆಸರಿನ ಗುರುತು ಕೆಳಮುಖವಾಗಿ ತಾನೇ ಬೆಳೆಯುವ ಪ್ರದೇಶವನ್ನು ಕೊಡುತ್ತದೆ. ಹೆಸರು ಒಂದೇ ಎಂದು ಮೂರೂ ಕಡೆ ಒಂದೇ ಸಾಲು ಬರೆದರೆ ಫ್ರೀಬಿಎಸ್‌ಡಿಯಲ್ಲಿ ಈಗ ಸರಿಯಿರುವುದೂ ಕೆಟ್ಟೀತು.

ಸ್ಟ್ಯಾಕ್ ತುಂಬಿ ಹರಿದದ್ದನ್ನು ಹಿಡಿಯಲು ನೀವು ಸಿಗ್‌ಆಲ್ಟ್‌ಸ್ಟ್ಯಾಕ್ (ಸಿಗ್ನಲ್‌ಗಳಿಗೆ ಬೇರೆ ಸ್ಟ್ಯಾಕ್ ಕೊಡುವ ಕರೆ) ಬಳಸುತ್ತಿದ್ದರೆ ಇನ್ನೊಂದು ಎಚ್ಚರಿಕೆ. ನೀವು ಒಪ್ಪಿಸಿದ ಪ್ರದೇಶದೊಳಗೆ ಪೂರ್ಣ ಪುಟಗಳಾಗಿ ಬರುವಷ್ಟು ಭಾಗವನ್ನು ಕರ್ನಲ್ ಮ್ಯಾಪ್_ಸ್ಟ್ಯಾಕ್ ಗುರುತಿನೊಂದಿಗೆ ಹೊಸದಾಗಿ ಮ್ಯಾಪ್ ಮಾಡುತ್ತದೆ. ಅಲ್ಲಿ ಮೊದಲಿದ್ದದ್ದೆಲ್ಲ ಸೊನ್ನೆಯಾಗುತ್ತದೆ. ದೊಡ್ಡ ಸ್ಟ್ರಕ್ಟ್ ಒಂದರ ಬಾಲದಲ್ಲಿ ಆ ಬಫರ್ ಇಟ್ಟುಕೊಂಡು, ಗಾತ್ರ ಹೇಳುವಾಗ ಸ್ಟ್ರಕ್ಟ್‌ನ ಉಳಿದ ಭಾಗವನ್ನೂ ಸೇರಿಸಿ ಹೇಳಿರುವ ಸಂಕೇತವನ್ನು ನಾನು ಕಂಡಿದ್ದೇನೆ. ಅಂಥ ದೋಷ ಲಿನಕ್ಸ್‌ನಲ್ಲಿ ವರ್ಷಗಟ್ಟಲೆ ಅಡಗಿ ಕೂತಿರಬಲ್ಲದು.

ಮಧ್ಯರಾತ್ರಿ_ಬಿಲ್ಡ್:

ಜಿಟ್ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಮೊದಲು ಕಾರ್ಯಕ್ರಮ ನಡೆಯಲಿ, ಅಚ್ಚುಕಟ್ಟು ಆಮೇಲೆ. ಬರೆಯಲೂ ನಡೆಸಲೂ ಒಟ್ಟಿಗೆ ಅನುಮತಿಯಿರುವ ಸ್ಮೃತಿಯನ್ನು 2016ರ 6.0 ಆವೃತ್ತಿಯಿಂದ ಓಪನ್‌ಬಿಎಸ್‌ಡಿ ಸಾಮಾನ್ಯವಾಗಿ ಕೊಡುವುದಿಲ್ಲ ಎಂಬುದು ನಿಜ. ಆದರೆ ಲಿಂಕರ್‌ಗೆ ಡಬ್ಲ್ಯುಎಕ್ಸ್‌ನೀಡೆಡ್ ಎಂಬ ಆಯ್ಕೆ ಕೊಟ್ಟು ಕಾರ್ಯಕ್ರಮದ ಮೇಲೆ ಗುರುತು ಹಾಕಿದರೆ, ಮತ್ತು ಆ ಕಡತವು ಡಬ್ಲ್ಯುಎಕ್ಸ್‌ಅಲೌಡ್ ಎಂದು ಮೌಂಟ್ ಆದ ಪಾರ್ಟಿಶನ್‌ನಲ್ಲಿದ್ದರೆ, ಅದಕ್ಕೆ ವಿನಾಯಿತಿ ಸಿಗುತ್ತದೆ. ಇನ್‌ಸ್ಟಾಲರ್ ತಾನಾಗಿ ಮಾಡುವ ವಿಭಜನೆಯಲ್ಲಿ ಯುಎಸ್‌ಆರ್ ಲೋಕಲ್ ಪಾರ್ಟಿಶನ್ ಹಾಗೆಯೇ ಮೌಂಟ್ ಆಗಿರುತ್ತದೆ. ಪೋರ್ಟ್ಸ್ ಸಂಗ್ರಹದಲ್ಲಿ ಇದಕ್ಕೆಂದೇ ಒಂದು ವೇರಿಯಬಲ್ ಇದೆ. ಬ್ರೌಸರ್‌ಗಳಂಥ ದೊಡ್ಡ ಕಾರ್ಯಕ್ರಮಗಳಿಗಾಗಿ ಮಾಡಿದ ವ್ಯವಸ್ಥೆ ಅದು. ನೀವು ಹೋಮ್ ಡೈರೆಕ್ಟರಿಯಲ್ಲಿ ಕಂಪೈಲ್ ಮಾಡಿ ಅಲ್ಲಿಂದಲೇ ನಡೆಸುತ್ತಿದ್ದರೆ ಆ ಗುರುತು ಹಾಕಿದರೂ ನಡೆಯದು ಎಂಬುದನ್ನು ಮಾತ್ರ ಮರೆಯಬೇಡಿ.

ಆಗುಂಬೆ_ಮಳೆ:

ಮಧ್ಯರಾತ್ರಿ_ಬಿಲ್ಡ್ ಅವರು ಹೇಳಿದ ವಿನಾಯಿತಿ ಇರುವುದು ಹೌದಾದರೂ, ಈ ಯೋಜನೆಗೆ ಅದರ ಅಗತ್ಯವೇ ಬೀಳದು ಎಂದು ನನಗೆ ಅನ್ನಿಸುತ್ತದೆ. ಒಮ್ಮೆ ವಿನಾಯಿತಿ ಪಡೆದ ಪೋರ್ಟ್‌ನಿಂದ ಅದನ್ನು ತೆಗೆದುಹಾಕಲು ಮುಂದೆ ಯಾರಿಗೂ ಬಿಡುವಾಗುವುದಿಲ್ಲ ಎಂಬುದೂ ಇದೆ.

ಸಂವಾದಾತ್ಮಕ ಶೆಲ್‌ನಲ್ಲಿ ನಡೆಯುವುದೇನು? ಬಳಕೆದಾರ ಒಂದು ಸಾಲು ಕೊಡುತ್ತಾನೆ, ಅದು ಒಂದು ಹೊಸ ಫಂಕ್ಷನ್ ಆಗುತ್ತದೆ, ಅದನ್ನು ನಡೆಸುತ್ತೀರಿ. ಹಳೆಯ ಫಂಕ್ಷನ್‌ನ ಯಂತ್ರಸಂಕೇತವನ್ನು ತಿದ್ದುವ ಪ್ರಸಂಗವೇ ಇಲ್ಲ. ಆದ್ದರಿಂದ ಪ್ರತಿ ಬಾರಿ ಹೊಸ ಪುಟಗಳನ್ನು ಓದು-ಬರಹದ ಅನುಮತಿಯೊಂದಿಗೆ ಪಡೆದು, ಸಂಕೇತ ತುಂಬಿಸಿ, ಪುಟಗಳ ಅನುಮತಿ ಬದಲಿಸುವ ಎಂಪ್ರೊಟೆಕ್ಟ್ ಕರೆಯ ಮೂಲಕ ಬರೆಯುವ ಅನುಮತಿಯನ್ನು ತೆಗೆದು ನಡೆಸುವ ಅನುಮತಿ ಕೊಟ್ಟರೆ ಸಾಕು. ಬರೆಯುವುದೂ ನಡೆಸುವುದೂ ಒಂದೇ ಕ್ಷಣದಲ್ಲಿ ಆಗಬಾರದು ಎಂಬುದಷ್ಟೇ ನಿಯಮ. ಒಂದಾದ ಮೇಲೊಂದು ಆಗಲು ಅಡ್ಡಿಯಿಲ್ಲ. ಎಲ್‌ಎಲ್‌ವಿಎಂ ಜೊತೆ ಬರುವ ಸೆಕ್ಷನ್‌ಮೆಮೊರಿಮ್ಯಾನೇಜರ್ ಮಾಡುವುದೂ ಇದನ್ನೇ. ಮೂರೂ ಅನುಮತಿಗಳನ್ನು ಒಟ್ಟಿಗೆ ಕೇಳುತ್ತಿರುವುದು ನೀವೇ ಬರೆದುಕೊಂಡ ಯಾವುದೋ ಅಲೊಕೇಟರ್ ಇರಬೇಕು, ಹುಡುಕಿ ನೋಡಿ. ಯಾವ ಸಾಲಿನಲ್ಲಿ ನಿಯಮ ಮುರಿಯುತ್ತಿದೆ ಎಂದು ತಿಳಿಯದಿದ್ದರೆ ಕರ್ನಲ್ ಆಯ್ಕೆಗಳನ್ನು ಬದಲಿಸುವ ಸಿಸ್‌ಸಿಟಿಎಲ್‌ನಲ್ಲಿ ಕರ್ನ್ ಡಾಟ್ ಡಬ್ಲ್ಯುಎಕ್ಸ್‌ಅಬಾರ್ಟ್ ಅನ್ನು 1 ಮಾಡಿ. ದೋಷಸಂಖ್ಯೆ ಹಿಂದಿರುಗಿಸುವ ಬದಲು ಕಾರ್ಯಕ್ರಮ ಅಲ್ಲಿಯೇ ನಿಂತು ಕೋರ್ ಕಡತ ಬಿಡುತ್ತದೆ, ಡಿಬಗರ್ ನಿಮ್ಮನ್ನು ನೇರವಾಗಿ ಆ ಸಾಲಿಗೆ ಕರೆದೊಯ್ಯುತ್ತದೆ. ಮೂಲ ವ್ಯವಸ್ಥೆಯಲ್ಲಿರುವ ಜಿಡಿಬಿ ತೀರ ಹಳೆಯದು. ಪ್ಯಾಕೇಜ್‌ನಿಂದ ಇಜಿಡಿಬಿ ಹಾಕಿಕೊಳ್ಳಿ.

ಹೊಸ ಯಂತ್ರದ 'ಇಲ್ಲೀಗಲ್ ಇನ್‌ಸ್ಟ್ರಕ್ಷನ್' ನನಗೆ ಹೆಚ್ಚು ಆಸಕ್ತಿಯ ವಿಷಯ. 2023ರ ಅಕ್ಟೋಬರ್‌ನಲ್ಲಿ ಬಂದ 7.4ನೆಯ ಆವೃತ್ತಿಯಿಂದ, ಇಂಟೆಲ್‌ನ ಐಬಿಟಿ ಸೌಲಭ್ಯವಿರುವ ಪ್ರೊಸೆಸರ್‌ಗಳಲ್ಲಿ ಪರೋಕ್ಷ ಜಿಗಿತಗಳ ತಪಾಸಣೆ ಎಲ್ಲ ಕಾರ್ಯಕ್ರಮಗಳಿಗೂ ಜಾರಿಯಲ್ಲಿದೆ. ರಿಜಿಸ್ಟರ್‌ನಲ್ಲಿರುವ ವಿಳಾಸಕ್ಕೆ ಜಿಗಿದರೆ ಅಲ್ಲಿರುವ ಮೊದಲ ಸೂಚನೆ ಎಂಡ್‌ಬಿಆರ್64 ಆಗಿರಲೇಬೇಕು. 11ನೆಯ ತಲೆಮಾರಿನ ಟೈಗರ್ ಲೇಕ್‌ನಿಂದ ಈಚೆಗೆ ಈ ಸೌಲಭ್ಯ ಬಂದಿದೆ. ಅದಕ್ಕಿಂತ ಹಳೆಯ ಪ್ರೊಸೆಸರ್ ಆ ಸೂಚನೆಯನ್ನು ಏನೂ ಇಲ್ಲದಂತೆ ದಾಟಿ ಹೋಗುತ್ತದೆ. ಗೆಳೆಯರ ಯಂತ್ರದ ಡಿಮೆಸೇಜ್‌ನಲ್ಲಿ ಸಿಪಿಯು ಸಾಲಿನಲ್ಲಿ ಐಬಿಟಿ ಎಂದು ಇದೆಯೇ ನೋಡಿ, ನಿಮ್ಮದರಲ್ಲಿ ಖಂಡಿತ ಇರಲಾರದು.

ಮೂಲ ವ್ಯವಸ್ಥೆಯ ಕ್ಲ್ಯಾಂಗ್ ಸಿ ಸಂಕೇತಕ್ಕೆ ಈ ಸೂಚನೆಯನ್ನು ತಾನಾಗಿ ಸೇರಿಸುತ್ತದೆ. ನಿಮ್ಮ ಭಾಷೆಯ ಕಂಪೈಲರ್ ಎಲ್‌ಎಲ್‌ವಿಎಂ ಲೈಬ್ರರಿಯನ್ನು ನೇರವಾಗಿ ಬಳಸುವುದರಿಂದ ನೀವೇ ಪ್ರತಿ ಮಾಡ್ಯೂಲ್‌ಗೂ ಸಿಎಫ್-ಪ್ರೊಟೆಕ್ಷನ್-ಬ್ರಾಂಚ್ ಎಂಬ ಫ್ಲ್ಯಾಗ್ ಹಾಕಬೇಕು. ಜಿಟ್ ಮಾಡುವ ಮಾಡ್ಯೂಲ್‌ಗಳಿಗೂ ಇದು ಅನ್ವಯಿಸುತ್ತದೆ. ಕೈಯಿಂದ ಬರೆದ ಅಸೆಂಬ್ಲಿಯಲ್ಲಿ ನೀವೇ ಬರೆಯಬೇಕು. ಕೊರೂಟೀನ್‌ಗೆ ಮರಳುವಾಗ ಉಳಿಸಿಟ್ಟ ವಿಳಾಸವನ್ನು ರಿಜಿಸ್ಟರ್‌ಗೆ ತಂದು ಜಿಗಿಯುತ್ತೀರಾದರೆ, ಆ ಮರಳುವ ಸ್ಥಳದಲ್ಲಿಯೂ ಎಂಡ್‌ಬಿಆರ್64 ಬೇಕು. ಇಲ್ಲವೇ ವಿಳಾಸವನ್ನು ಸ್ಟ್ಯಾಕ್ ಮೇಲೆ ಇಟ್ಟು ರೆಟ್ ಸೂಚನೆಯಿಂದ ಮರಳಿ. ರೆಟ್ ಈ ತಪಾಸಣೆಯ ವ್ಯಾಪ್ತಿಗೆ ಬರುವುದಿಲ್ಲ. ನಾನಾದರೆ ಎರಡನೆಯದನ್ನೇ ಆರಿಸಿಕೊಳ್ಳುತ್ತೇನೆ.

ಇದರ ಜೊತೆಗೇ ನೋಡಿಕೊಳ್ಳಬೇಕಾದದ್ದು, 7.3ರಿಂದ ಬಂದಿರುವ, ಸಂಕೇತದ ಪುಟಗಳನ್ನು ನಡೆಸಬಹುದು ಆದರೆ ಓದಲಾಗದು ಎಂಬ ಕಟ್ಟುಪಾಡು. ಎಎಂಡಿ64ರಲ್ಲಿ ಪಿಕೆಯು (ಪುಟಗಳ ಓದು-ಬರಹವನ್ನು ತಡೆಯಬಲ್ಲ) ಸೌಲಭ್ಯವಿರುವ ಪ್ರೊಸೆಸರ್‌ಗಳಲ್ಲಿ ಮಾತ್ರ ಇದು ಜಾರಿಯಾಗುವುದರಿಂದ, ಇದೂ ನಿಮ್ಮ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಕಾಣಿಸದಿರಬಹುದು. ಅಸೆಂಬ್ಲಿ ಕಡತದಲ್ಲಿ ಕೋಷ್ಟಕಗಳನ್ನೋ ಸ್ಥಿರಾಂಕಗಳನ್ನೋ ಟೆಕ್ಸ್ಟ್ ಸೆಕ್ಷನ್‌ನಲ್ಲಿಯೇ ಇಟ್ಟಿದ್ದರೆ ಅವನ್ನು ಓದಲು ಮಾತ್ರ ಬರುವ ಆರ್‌ಓಡೇಟಾ ಸೆಕ್ಷನ್‌ಗೆ ಸಾಗಿಸಿ. ಗಾರ್ಬೇಜ್ ಕಲೆಕ್ಟರ್‌ಗೆ (ಬಳಕೆ ಮುಗಿದ ಸ್ಮೃತಿಯನ್ನು ಮರಳಿ ಪಡೆಯುವ ಭಾಗ) ಬೇಕಾದ ವಿವರಗಳನ್ನು ಫಂಕ್ಷನ್‌ನ ಮಗ್ಗುಲಲ್ಲಿಯೇ ಬರೆದಿಡುವ ಪದ್ಧತಿ ಕೆಲವು ಭಾಷೆಗಳಲ್ಲಿದೆ; ಹ್ಯಾಸ್ಕೆಲ್‌ನ ಜಿಎಚ್‌ಸಿ ಇದಕ್ಕೆ ಪ್ರಸಿದ್ಧ ಉದಾಹರಣೆ. ನಿಮ್ಮದೂ ಹಾಗಿದ್ದರೆ ಈ ಕಟ್ಟುಪಾಡಿನೊಂದಿಗೆ ಹೊಂದಿಕೊಳ್ಳುವುದು ಒಂದು ಮಧ್ಯಾಹ್ನದ ಕೆಲಸವಲ್ಲ. ಅಲ್ಲಿ ಮಾತ್ರ ಸದ್ಯಕ್ಕೆ ಲಿಂಕರ್ ಆಯ್ಕೆಯ ಮೂಲಕ ವಿನಾಯಿತಿ ಪಡೆಯುವುದನ್ನು ನಾನೂ ಆಕ್ಷೇಪಿಸುವುದಿಲ್ಲ.

ಶರಾವತಿ_ತೀರ:

ಎಲ್ಲರಿಗೂ ಧನ್ಯವಾದಗಳು. ಮ್ಯಾಪ್_ಸ್ಟ್ಯಾಕ್ ಸೇರಿಸಿದೊಡನೆ ಕೊರೂಟೀನ್ ಪರೀಕ್ಷೆಗಳು ನಡೆದವು. ಗೆಳೆಯರ ಯಂತ್ರದಲ್ಲಿ ಐಬಿಟಿ ಇರುವುದೂ ನಿಜ. ಗಾರ್ಬೇಜ್ ಕಲೆಕ್ಟರ್‌ನ ಕೋಷ್ಟಕಗಳು ನಮ್ಮಲ್ಲಿ ಪ್ರತ್ಯೇಕ ಸೆಕ್ಷನ್‌ನಲ್ಲಿರುವುದರಿಂದ ಆ ತೊಡಕು ಬರಲಿಲ್ಲ. ಈಗ ಎರಡು ಸಂದೇಹಗಳಿವೆ. ಮುಗಿದ ಕೊರೂಟೀನ್‌ನ ಸ್ಟ್ಯಾಕನ್ನು ನಾವು ಸಾಮಾನ್ಯ ಸ್ಮೃತಿಯ ಸಂಗ್ರಹಕ್ಕೆ ಹಿಂದಿರುಗಿಸುತ್ತೇವೆ, ಇದು ಸರಿಯೇ? ಮತ್ತು ಪೋರ್ಟ್ಸ್‌ಗೆ ಸಲ್ಲಿಸುವಾಗ, ತನ್ನದೇ ಭಾಷೆಯಲ್ಲಿ ಬರೆದಿರುವ ಕಂಪೈಲರನ್ನು ಮೊದಲ ಬಾರಿ ಕಟ್ಟುವುದು ಹೇಗೆ? ಪ್ರತಿ ಸಲವೂ ಲಿನಕ್ಸ್‌ನಿಂದ ಕ್ರಾಸ್ ಕಂಪೈಲ್ ಮಾಡಿ ಎಂದು ಪೋರ್ಟ್ಸ್‌ನವರಿಗೆ ಹೇಳುವಂತಿಲ್ಲವಲ್ಲ.

ಕಾವೇರಿ_ಮೇಕ್‌ಫೈಲ್:

ಎರಡನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ಪೋರ್ಟ್‌ನ ಆಯುಷ್ಯ ನಿರ್ಧಾರವಾಗುವುದು ಇದರಿಂದಲೇ.

ಭಾಷೆಗಳು ಮೂರು ದಾರಿಗಳನ್ನು ಹಿಡಿದಿವೆ. ರಸ್ಟ್‌ನಲ್ಲಿ ಹೊಸ ಆವೃತ್ತಿಯನ್ನು ಕಟ್ಟಲು ಅದರ ಹಿಂದಿನ ಆವೃತ್ತಿ ಬೇಕು. ಓಪನ್‌ಬಿಎಸ್‌ಡಿ ರಸ್ಟ್ ಯೋಜನೆಯ ಮೂರನೆಯ ಸ್ತರದಲ್ಲಿರುವುದರಿಂದ ಅಲ್ಲಿಂದ ಸಿದ್ಧ ಕಡತಗಳು ಸಿಗುವುದಿಲ್ಲ, ಹಾಗಾಗಿ ಪೋರ್ಟ್ ನೋಡಿಕೊಳ್ಳುವವರೇ ಪ್ರತಿ ಆರ್ಕಿಟೆಕ್ಚರ್‌ಗೂ ಬೂಟ್‌ಸ್ಟ್ರ್ಯಾಪ್ ಕಡತಗಳನ್ನು (ಕಟ್ಟಲು ಆರಂಭಿಸುವುದಕ್ಕೆ ಬೇಕಾದ ಸಿದ್ಧ ಕಂಪೈಲರನ್ನು) ಕಟ್ಟಿ ಒದಗಿಸುತ್ತಾರೆ. ಗೋ ಕಂಪೈಲರ್ 2015ರ 1.5ರಲ್ಲಿ ಸಿ ಭಾಷೆಯಿಂದ ಗೋ ಭಾಷೆಗೆ ಬದಲಾಯಿತು; ಸಿ ಕಂಪೈಲರ್ ಒಂದರಿಂದಲೇ ಆರಂಭಿಸುವವರು 1.4ರಿಂದ ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು. ಓಕ್ಯಾಮಲ್‌ನದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಜಾಣತನದ ದಾರಿ: ಕಂಪೈಲರ್‌ನ ಬೈಟ್‌ಕೋಡ್ (ಯಾವ ಯಂತ್ರಕ್ಕೂ ಕಟ್ಟುಬೀಳದ ಮಧ್ಯಂತರ ಸಂಕೇತ) ರೂಪವನ್ನು ಮೂಲಸಂಗ್ರಹದಲ್ಲಿಯೇ ಇಟ್ಟಿದ್ದಾರೆ, ಅದನ್ನು ನಡೆಸುವ ರನ್‌ಟೈಮ್ ಸಿ ಭಾಷೆಯಲ್ಲಿದೆ. ಸಿ ಕಂಪೈಲರ್ ಇರುವ ಯಾವ ಯಂತ್ರದಲ್ಲಾದರೂ ಹೊರಗಿನ ಯಾವ ಕಡತವೂ ಇಲ್ಲದೆ ಅದು ತನ್ನನ್ನು ತಾನು ಕಟ್ಟಿಕೊಳ್ಳುತ್ತದೆ.

ನಿಮ್ಮ ತಂಡ ಸಣ್ಣದು. ರಸ್ಟ್‌ನ ದಾರಿ ಹಿಡಿದರೆ ಆರು ತಿಂಗಳಿಗೊಮ್ಮೆ ಹೊಸ ಬೂಟ್‌ಸ್ಟ್ರ್ಯಾಪ್ ಕಡತ ಕಟ್ಟುವ ಹೊಣೆ ಹೆಗಲೇರುತ್ತದೆ. ಸಿ ಲೈಬ್ರರಿಯ ಮುಖ್ಯ ಸಂಖ್ಯೆ ಏರಿದ ಮೇಲೆ ಹಳೆಯ ಆವೃತ್ತಿಗೆಂದು ಕಟ್ಟಿದ ಕಡತಕ್ಕೆ ಹೊಸದಾಗಿ ಇನ್‌ಸ್ಟಾಲ್ ಆದ ಯಂತ್ರದಲ್ಲಿ ಬೇಕಾದ ಲೈಬ್ರರಿಯೇ ಇರುವುದಿಲ್ಲ. ಸ್ಟ್ಯಾಟಿಕ್ ಲಿಂಕ್ ಮಾಡಿದರೆ ತಪ್ಪಿಸಿಕೊಳ್ಳಬಹುದೆಂದು ಅನ್ನಿಸಬಹುದು. ಕರ್ನಲ್‌ನಿಂದ ಹಳೆಯ ಸಿಸ್ಟಂ ಕಾಲ್ ಒಂದನ್ನು ತೆಗೆದ ದಿನ ಅದೂ ನಿಲ್ಲುತ್ತದೆ. ಒಂದು ಸಣ್ಣ ಬೈಟ್‌ಕೋಡ್ ಇಂಟರ್ಪ್ರಿಟರನ್ನು ಸಿ ಭಾಷೆಯಲ್ಲಿ ಬರೆದುಕೊಳ್ಳಿ. ವೇಗ ಕಡಿಮೆಯಾದರೂ ಚಿಂತೆಯಿಲ್ಲ, ಕಂಪೈಲರನ್ನು ಒಮ್ಮೆ ಕಟ್ಟಲು ಸಾಕಾದರೆ ಆಯಿತು. ಜಿಟ್‌ಗೆ ಆಸ್ಪದವೇ ಇಲ್ಲದ ಕಡೆ ನಿಮ್ಮ ಸಂವಾದಾತ್ಮಕ ಶೆಲ್ ಅದರ ಮೇಲೆಯೇ ನಡೆಯಬಹುದು ಎಂಬುದು ಹೆಚ್ಚಿನ ಲಾಭ.

ಕಡತದ ದಾರಿಯ ಬಗ್ಗೆ ಯಾರೂ ಹೇಳಲಿಲ್ಲ. ನಡೆಯುತ್ತಿರುವ ಕಾರ್ಯಕ್ರಮದ ಕಡತ ಎಲ್ಲಿದೆ ಎಂದು ಕೇಳಲು ಓಪನ್‌ಬಿಎಸ್‌ಡಿಯಲ್ಲಿ ನೆಚ್ಚಬಹುದಾದ ಉಪಾಯವಿಲ್ಲ. ಗೋ ಮತ್ತು ರಸ್ಟ್ ಎರಡೂ ಮೊದಲ ಆರ್ಗ್ಯುಮೆಂಟನ್ನು ನೋಡಿ ಊಹಿಸುತ್ತವೆ. ಆ ಆರ್ಗ್ಯುಮೆಂಟನ್ನು ಕರೆಯುವವರು ಏನು ಬೇಕಾದರೂ ಕೊಡಬಹುದಾದ್ದರಿಂದ ಕಂಪೈಲರ್‌ನಂಥ ಕಾರ್ಯಕ್ರಮಕ್ಕೆ ಅದು ತಕ್ಕದ್ದಲ್ಲ. ಸ್ಟ್ಯಾಂಡರ್ಡ್ ಲೈಬ್ರರಿಯ ಸ್ಥಳವನ್ನು ಕಟ್ಟುವಾಗಲೇ ಒಳಗೆ ಬರೆದುಬಿಡಿ, ಪರೀಕ್ಷೆಗಾಗಿ ಅದನ್ನು ಮೀರಲು ಒಂದು ಎನ್ವಿರಾನ್ಮೆಂಟ್ ವೇರಿಯಬಲ್ ಇರಲಿ.

ಕೆಲವು ಚಿಲ್ಲರೆ ವಿಷಯಗಳು: ಇಲ್ಲಿನ ಕ್ಲ್ಯಾಂಗ್ ತನ್ನ ಗುರಿಯ ಹೆಸರನ್ನು ಎಕ್ಸ್86_64 ಎಂದಲ್ಲದೆ ಎಎಂಡಿ64 ಎಂದು ಆರಂಭಿಸುತ್ತದೆ, ಕೊನೆಯಲ್ಲಿ ಆವೃತ್ತಿಯ ಸಂಖ್ಯೆಯೂ ಅಂಟಿಕೊಂಡಿರುತ್ತದೆ, ಆ ಹೆಸರನ್ನು ಅಕ್ಷರಶಃ ಹೋಲಿಸಿ ನೋಡುವ ಸಂಕೇತವಿದ್ದರೆ ಬದಲಿಸಿ. ಬ್ಯಾಶ್ ಮೂಲ ವ್ಯವಸ್ಥೆಯಲ್ಲಿಲ್ಲ, ನಿಮ್ಮ ಬಿಲ್ಡ್ ಸ್ಕ್ರಿಪ್ಟ್‌ಗಳು ಕೆಎಸ್‌ಎಚ್‌ನಲ್ಲಿ ನಡೆಯುವಂತಿರಲಿ. ಲಿಂಕ್ ಮಾಡುವಾಗ ಸ್ಮೃತಿ ಸಾಲದು ಎಂದು ನಿಂತರೆ ರ್‍ಯಾಮ್ ಕೊಳ್ಳಲು ಓಡಬೇಡಿ, ಮೊದಲು ಯುಲಿಮಿಟ್‌ನಲ್ಲಿ ಡೇಟಾ ಮಿತಿಯನ್ನು ಏರಿಸಿ ನೋಡಿ.

ಹಳೇ_ಕನ್ಸೋಲ್:

ಸ್ಟ್ಯಾಕ್ ಹಿಂದಿರುಗಿಸುವ ಪ್ರಶ್ನೆ ಉಳಿದಿತ್ತು. ಎಂಅನ್‌ಮ್ಯಾಪ್ ಮಾಡುವವರೆಗೂ (ಸ್ಮೃತಿಯನ್ನು ಕರ್ನಲ್‌ಗೆ ಹಿಂದಿರುಗಿಸುವವರೆಗೂ) ಆ ಪುಟಗಳ ಮೇಲೆ ಮ್ಯಾಪ್_ಸ್ಟ್ಯಾಕ್ ಗುರುತು ಉಳಿದಿರುತ್ತದೆ. ಸಾಮಾನ್ಯ ಸಂಗ್ರಹಕ್ಕೆ ಸೇರಿಸಿದರೆ ಕಾರ್ಯಕ್ರಮ ಸಾಯುವುದಿಲ್ಲ. ಆದರೆ ಹೊರಗಿನಿಂದ ಬಂದ ದತ್ತಾಂಶ ತುಂಬಿದ ಬಫರ್ ಸ್ಟ್ಯಾಕ್ ಎಂಬ ಗುರುತು ಹೊತ್ತ ಪುಟದಲ್ಲಿ ಬಂದು ಕೂರುತ್ತದೆ; ಈ ತಪಾಸಣೆ ತಡೆಯಬೇಕೆಂದಿದ್ದದ್ದೇ ಅದನ್ನು. ಸ್ಟ್ಯಾಕ್‌ಗಳಿಗೆ ಬೇರೆಯೇ ಸಂಗ್ರಹ ಇಟ್ಟುಕೊಳ್ಳಿ, ಅಲ್ಲಿಂದ ಹೊಸ ಕೊರೂಟೀನ್‌ಗಳಿಗೆ ಮಾತ್ರ ಕೊಡಿ, ಬಹಳ ಉಳಿದುಬಿಟ್ಟರೆ ಎಂಅನ್‌ಮ್ಯಾಪ್ ಮಾಡಿ. ತುಂಬಿ ಹರಿದದ್ದನ್ನು ಹಿಡಿಯಲು ಪ್ರತಿ ಸ್ಟ್ಯಾಕ್‌ನ ಕೆಳತುದಿಯ ಒಂದು ಪುಟಕ್ಕೆ ಎಂಪ್ರೊಟೆಕ್ಟ್‌ನಿಂದ ಯಾವ ಅನುಮತಿಯೂ ಇಲ್ಲದಂತೆ ಮಾಡುವುದನ್ನು ನೀವೇ ಮಾಡಬೇಕು, ಮ್ಯಾಪ್_ಸ್ಟ್ಯಾಕ್ ಅದನ್ನು ಮಾಡಿಕೊಡುವುದಿಲ್ಲ.